ಹೊರಗೆ ಹೋಗುವ ಉಸಿರು

ಹದಿನೆಂಟನೆಯ ಶತಮಾನದಲ್ಲಿ ಮಾನ್ವಿಯನ್ನು ತಮ್ಮ ನೆಲೆಯಾಗಿ ಮಾಡಿಕೊಂಡಿದ್ದ ಶ್ರೀ ಜಗನ್ನಾಥದಾಸರು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ‘ಹರಿಕಥಾಮೃತಸಾರ’ದಲ್ಲಿ ‘ಶ್ವಾಸಸಂಧಿ’ ಎಂಬ ಹೆಸರಿನ ಒಂದು ಭಾಗವಿದೆ. ಮನುಷ್ಯನು ಒಂದು ಹಗಲು ಒಂದು ಇರುಳಿನ ಅವಧಿಯಲ್ಲಿ 21,600 ಸಲ ಉಸಿರಾಡುತ್ತಾನೆಂದೂ, ಆ ಪ್ರತಿಯೊಂದು ಉಸಿರಿನಲ್ಲಿಯೂ ಮುಖ್ಯಪ್ರಾಣನು ಜೀವನ ಒಳಗಿದ್ದುಕೊಂಡು ಹಂಸಮಂತ್ರವನ್ನು ಜಪಿಸುತ್ತಿರುತ್ತಾನೆಂದೂ ಮಾಧ್ವಸಂಪ್ರದಾಯವು ನಂಬಿಕೊಂಡು ಬಂದಿರುವ ತತ್ತ್ವವೇ ಆ ಸಂಧಿಗೆ ಆಧಾರ. ತತ್ತ್ವದ ವಿಚಾರವನ್ನು ಅಧಿಕಾರವುಳ್ಳವರಿಗೆ ಬಿಟ್ಟು, ಸಂಖ್ಯೆಯನ್ನು ಮಾತ್ರ ಕೈಗೆತ್ತಿಕೊಂಡು ಭಾಗಿಸಿ ನೋಡುವುದಾದರೆ, ದಿನಕ್ಕೆ 60 ಘಳಿಗೆಗಳಾದುದರಿಂದ ಘಳಿಗೆಯೊಂದಕ್ಕೆ 360 ಉಸಿರು, ಘಳಿಗೆಗೆ 24 ನಿಮಿಷಗಳಾದುದರಿಂದ ನಿಮಿಷವೊಂದಕ್ಕೆ ಸರಿಯಾಗಿ 15 ಉಸಿರು ಎಂದಾಗುತ್ತದೆ. ಇಂದು ರಾಯಚೂರಿನ ಯಾವ ಆಸ್ಪತ್ರೆಯಲ್ಲಿಯಾದರೂ ದಾದಿಯು ಗಡಿಯಾರವನ್ನು ನೋಡುತ್ತ ರೋಗಿಯ ಎದೆಯ ಏರಿಳಿತವನ್ನು ಎಣಿಸುವಾಗ, ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕನಿಗೆ ಸಹಜವೆಂದು ಆಕೆ ಕಲಿತಿರುವ ಮಿತಿ 12ರಿಂದ 20. ದಾಸರ ಸಂಖ್ಯೆ ಆ ಮಿತಿಯ ನಡುವಿನಲ್ಲಿಯೇ ನಿಲ್ಲುತ್ತದೆ. ಇದರಿಂದ ನಮ್ಮವರಿಗೆ ಶರೀರವಿಜ್ಞಾನವೆಲ್ಲ ಮೊದಲೇ ತಿಳಿದಿತ್ತೆಂದು ಹೆಮ್ಮೆಪಡಲು ಹೊರಡುವುದು ಅವಸರದ ಮಾತಾದೀತು; ಕಣ್ಣುಮುಚ್ಚಿ ಕುಳಿತು ತನ್ನ ಉಸಿರನ್ನು ತಾನು ಗಮನಿಸುವ ವ್ಯವಧಾನವಿದ್ದವರು ಇಲ್ಲಿ ಬಹುಕಾಲದಿಂದ ಇದ್ದರೆಂದು ಹೇಳಿದರೆ ಸಾಕು.

ಇದೇ ಸೀಮೆಯಲ್ಲಿ ಹೇಳಿಕೊಂಡು ಬರುವ ಇನ್ನೊಂದು ಕಥೆಯಿದೆ. ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ವ್ಯಾಧಿಗ್ರಸ್ತರಾಗಿ ಬಂದ ಜಗನ್ನಾಥದಾಸರಿಗೆ ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರಂತೆ. ಮೇಲಿನ ಲೆಕ್ಕವನ್ನೇ ಹಿಡಿದು ಗುಣಿಸಿದರೆ ಆ ದಾನವು ಸುಮಾರು ಮೂವತ್ತೊಂದೂವರೆ ಕೋಟಿ ಉಸಿರುಗಳಷ್ಟಾಗುತ್ತದೆ. ಅಷ್ಟು ಕೋಟಿ ಸಲ, ನಾವು ಎಚ್ಚರದಲ್ಲಿರಲಿ ನಿದ್ರೆಯಲ್ಲಿರಲಿ, ತಪ್ಪದೆ ನಡೆಯತಕ್ಕ ಈ ಕ್ರಿಯೆಯ ಯಂತ್ರರಚನೆ ಎಂತಹುದು?

ಶ್ವಾಸಕೋಶವು ತಾನಾಗಿ ಉಬ್ಬಿ ಗಾಳಿಯನ್ನು ಎಳೆದುಕೊಳ್ಳುತ್ತದೆಂದು ಬಹುಮಂದಿ ಭಾವಿಸಿಕೊಂಡಿರುತ್ತಾರೆ. ವಾಸ್ತವವಾಗಿ ಅದನ್ನು ಉಬ್ಬಿಸತಕ್ಕ ಸ್ನಾಯು ಅದರೊಳಗೆ ಒಂದೂ ಇಲ್ಲ. ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯ ಜಾನ್ ಮೇಯೊ ಎಂಬವನು ಈ ವಿಷಯವನ್ನು ವಿವರಿಸುವುದಕ್ಕಾಗಿ ಕಮ್ಮಾರನ ತಿದಿಯೊಳಗೆ ಒಂದು ಪ್ರಾಣಿಯ ಮೂತ್ರಕೋಶವನ್ನಿರಿಸಿ, ಅದರ ಬಾಯಿಯನ್ನು ಹೊರಗಿನ ಗಾಳಿಗೆ ತೆರೆದಿಟ್ಟು, ತಿದಿಯನ್ನು ಅಗಲಿಸಿದಾಗ ಕೋಶವು ತಾನಾಗಿಯೇ ಉಬ್ಬುವುದನ್ನು ತೋರಿಸಿದ್ದನು. ತಿದಿಯ ಸ್ಥಾನದಲ್ಲಿ ನಮ್ಮ ಎದೆಗೂಡು. ಅದನ್ನು ಅಗಲಿಸುವವು ಪಕ್ಕೆಲುಬುಗಳ ನಡುವಣ ಸ್ನಾಯುಗಳು ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸಿ ಕಮಾನಿನಾಕಾರದಲ್ಲಿ ಹಬ್ಬಿಕೊಂಡಿರುವ ವಪೆ. ಕತ್ತಿನ ಬೆನ್ನುಹುರಿಯಿಂದ ಹೊರಟ ನರದ ಮೂಲಕ ಆಜ್ಞೆ ಬಂದೊಡನೆ ವಪೆಯು ಸಂಕುಚಿಸಿ, ಶಾಂತವಾದ ಉಸಿರಾಟದಲ್ಲಿ ಒಂದು ಒಂದೂವರೆ ಸೆಂಟಿಮೀಟರಿನಷ್ಟು, ಆಳವಾದ ಉಸಿರಿನಲ್ಲಿ ಹತ್ತು ಸೆಂಟಿಮೀಟರಿನವರೆಗೂ ಕೆಳಕ್ಕಿಳಿಯುತ್ತದೆ. ಅದೇ ಹೊತ್ತಿಗೆ ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎದೆಗೂಡಿನ ಒಳಗೋಡೆಗೂ ಶ್ವಾಸಕೋಶಕ್ಕೂ ನಡುವೆ ತೆಳುವಾದ ದ್ರವದಿಂದ ನೆನೆದ ಎರಡು ಪದರಗಳ ಪೊರೆಯಿದ್ದು, ಒಂದು ಪದರವು ಸರಿದರೆ ಇನ್ನೊಂದು ಅದನ್ನು ಹಿಂಬಾಲಿಸಲೇಬೇಕಾಗಿರುವುದರಿಂದ, ಗೂಡು ಹಿಗ್ಗಿದಂತೆ ಶ್ವಾಸಕೋಶವೂ ಹಿಗ್ಗುತ್ತದೆ. ಹಿಗ್ಗಿದಾಗ ಒಳಗಿನ ಒತ್ತಡವು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಕಡಮೆಯಾಗಿ ಗಾಳಿಯು ಒಳನುಗ್ಗುತ್ತದೆ. ಈ ಕೊರತೆ ಎಷ್ಟೆಂದರೆ, ಶಾಂತವಾದ ಉಸಿರಿನಲ್ಲಿ ಕೇವಲ ಒಂದು ಸೆಂಟಿಮೀಟರು ಎತ್ತರದ ನೀರಿನ ಒತ್ತಡದಷ್ಟು! ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಪ್ರತಿ ಸಲವೂ ಅರ್ಧ ಲೀಟರಿನಷ್ಟು ಗಾಳಿ ನಮ್ಮೊಳಕ್ಕೆ ಬರುತ್ತದೆ. ದಾಸರ ಸಂಖ್ಯೆಯಿಂದ ಗುಣಿಸಿದರೆ ದಿನಕ್ಕೆ 10,800 ಲೀಟರು. ಇಷ್ಟಕ್ಕೂ ವಿಶ್ರಾಂತಿಯಲ್ಲಿರುವ ದೇಹಕ್ಕೆ ತಗಲುವ ವೆಚ್ಚವು ಅದರ ಒಟ್ಟು ಶಕ್ತಿಯ ಶೇಕಡಾ 3ರಿಂದ 5ರಷ್ಟು ಮಾತ್ರ.

ಉಚ್ಛ್ವಾಸಕ್ಕೆ ದುಡಿಮೆ ಬೇಕು. ನಿಶ್ವಾಸಕ್ಕೆ ವಿಶ್ರಾಂತಿಯ ಸ್ಥಿತಿಯಲ್ಲಿ ಯಾವ ದುಡಿಮೆಯೂ ಬೇಕಾಗಿಲ್ಲ. ಸ್ನಾಯುಗಳು ಸಡಿಲವಾದೊಡನೆ, ಹಿಗ್ಗಿದ್ದ ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಹಿಂದಕ್ಕೆ ಕುಗ್ಗಿ ಗಾಳಿಯನ್ನು ಹೊರದೂಡುತ್ತದೆ. ನಮ್ಮ ಮಾತೆಲ್ಲವೂ, ಹಾಡೆಲ್ಲವೂ ಈ ಹೊರಹೋಗುವ ಗಾಳಿಯ ಮೇಲೆಯೇ ಸವಾರಿಮಾಡುತ್ತವೆ. ತಂಬೂರಿಯನ್ನು ಹಿಡಿದು ಒಂದೇ ಉಸಿರಿನಲ್ಲಿ ದೀರ್ಘವಾದ ನುಡಿಯನ್ನು ಹಾಡುವವರು ಗಾಳಿಯನ್ನು ಹೊರಕ್ಕೆ ತಳ್ಳುತ್ತಿರುವಂತೆ ನಮಗೆ ತೋರಿದರೂ, ಆ ನುಡಿಯ ಮೊದಲ ಭಾಗದಲ್ಲಿ ಅವರು ಮಾಡುತ್ತಿರುವುದು ತದ್ವಿರುದ್ಧವಾದ ಕೆಲಸ: ಉಚ್ಛ್ವಾಸದ ಸ್ನಾಯುಗಳನ್ನೇ ಬಿಗಿಹಿಡಿದು, ಶ್ವಾಸಕೋಶವು ಅವಸರದಿಂದ ಕುಗ್ಗದಂತೆ ತಡೆದು, ಗಾಳಿಯನ್ನು ಅಳೆದು ಅಳೆದು ಬಿಡುತ್ತಿರುತ್ತಾರೆ.

ಕುಗ್ಗುವ ಗುಣವೇ ಇಷ್ಟು ಪ್ರಬಲವಾಗಿದ್ದರೆ ಶ್ವಾಸಕೋಶವು ಪೂರ್ತಿಯಾಗಿ ಮುದುಡಿಹೋಗದೆ ನಿಲ್ಲುವುದು ಹೇಗೆ? ಗಾಳಿಯ ಕೊಳವೆಯು ಕವಲೊಡೆದು, ಕವಲು ಮತ್ತೆ ಕವಲೊಡೆದು, ಸುಮಾರು 23 ಸಲ ಹೀಗೆ ಇಬ್ಭಾಗವಾದ ಮೇಲೆ ಸಿಕ್ಕುವ ವಾಯುಕೋಶಗಳು ಮೂವತ್ತು ಕೋಟಿಗೂ ಹೆಚ್ಚು. ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರು. ಇಷ್ಟು ಸೂಕ್ಷ್ಮವಾದ ಕೋಶಗಳ ಒಳಮೈಯಲ್ಲಿರುವ ತೇವದ ಮೇಲ್ಮೈ ಎಳೆತವೊಂದೇ ಅವನ್ನು ಮುಚ್ಚಿಬಿಡಲು ಸಾಕು. ಅದನ್ನು ತಗ್ಗಿಸುವುದಕ್ಕಾಗಿ ಕೋಶಗಳು ತಾವೇ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥವನ್ನು ಸ್ರವಿಸುತ್ತವೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇದು ಸಾಲದೆ ಬರುವುದರಿಂದಲೇ ಅವು ಉಸಿರಿಗಾಗಿ ಒದ್ದಾಡುತ್ತವೆಂಬುದನ್ನು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಎಂಬ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಅದಲ್ಲದೆ, ಎಷ್ಟೇ ಬಲವಾಗಿ ಊದಿದರೂ ಒಂದು ಲೀಟರಿಗೂ ಮಿಕ್ಕಿದ ಗಾಳಿ ಒಳಗೆ ಉಳಿದೇ ಉಳಿಯುತ್ತದೆ. ಈ ಉಳಿಕೆಯ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಒಳಕ್ಕೆ ಬಂದ ಅರ್ಧ ಲೀಟರೆಲ್ಲ ರಕ್ತಕ್ಕೆ ಪ್ರಯೋಜನಕಾರಿಯೆಂದು ತಿಳಿಯಬಾರದು. ಅದರಲ್ಲಿ 150 ಮಿಲಿಲೀಟರಿನಷ್ಟು ಮೂಗು, ಗಂಟಲು, ಕೊಳವೆಗಳಲ್ಲಿಯೇ ನಿಂತು ಹಾಗೆಯೇ ಹಿಂದಿರುಗುತ್ತದೆ. ನಿಮಿಷಕ್ಕೆ 15 ಸಲ ಅರ್ಧರ್ಧ ಲೀಟರಿನಂತೆ ಉಸಿರಾಡುವವನ ವಾಯುಕೋಶಗಳಿಗೆ ಐದೂಕಾಲು ಲೀಟರು ಹೊಸ ಗಾಳಿ ದೊರೆಯುತ್ತದೆ. ನಿಮಿಷಕ್ಕೆ 30 ಸಲ ಕಾಲು ಕಾಲು ಲೀಟರಿನಂತೆ ಮೇಲುಮೇಲಕ್ಕೆ ಉಸಿರಾಡುವವನು ಒಟ್ಟಿನಲ್ಲಿ ಅಷ್ಟೇ ಗಾಳಿಯನ್ನು ಆಡಿಸಿದರೂ ಅವನಿಗೆ ದಕ್ಕುವುದು ಮೂರೇ ಲೀಟರು. ನಿಧಾನವಾಗಿ, ಆಳವಾಗಿ ಉಸಿರಾಡಿರೆಂದು ಹಿರಿಯರು ಹೇಳುವ ಮಾತಿಗೆ ಈ ವ್ಯವಕಲನಕ್ಕಿಂತ ದೊಡ್ಡ ಸಮರ್ಥನೆ ಬೇಕಾಗಿಲ್ಲ.

ಮೂಗಿನ ಕೆಲಸವನ್ನು ಹೇಳುವಾಗ ಪಠ್ಯಪುಸ್ತಕಗಳು ಅದು ಗಾಳಿಯನ್ನು ಬೆಚ್ಚಗೆ ಮಾಡುತ್ತದೆಂದು ಬರೆಯುವುದು ವಾಡಿಕೆ. ಶೀತದೇಶದಲ್ಲಿ ಬರೆದ ಮಾತು ಅದು. ಬಿಸಿಲು 40 ಡಿಗ್ರಿಯನ್ನು ದಾಟಿದ ವೈಶಾಖದ ಮಧ್ಯಾಹ್ನ ರಾಯಚೂರಿನ ರಸ್ತೆಯಲ್ಲಿ ನಡೆಯುವವನ ಮೂಗು, ಒಳಕ್ಕೆ ಬರುವ ಗಾಳಿಯನ್ನು ತೇವಗೊಳಿಸಿ ದೇಹದ 37 ಡಿಗ್ರಿಗೆ ಇಳಿಸಿ ಕಳುಹಿಸುತ್ತಿರುತ್ತದೆ. ದೊಡ್ಡ ಧೂಳಿನ ಕಣಗಳನ್ನೂ ಅದು ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಅದನ್ನು ತಪ್ಪಿಸಿಕೊಂಡು ಕೊಳವೆಗಳಿಗಿಳಿದವನ್ನು ಕಫವು ಅಂಟಿಸಿಕೊಂಡರೆ, ಕೊಳವೆಯ ಒಳಮೈಯ ಸೂಕ್ಷ್ಮವಾದ ರೋಮಗಳು ಎಡೆಬಿಡದೆ ಬಡಿಯುತ್ತ ಆ ಕಫವನ್ನು ಗಂಟಲಿನ ಕಡೆಗೆ ಮೇಲೇರಿಸುತ್ತವೆ. ಅದೂ ಸಾಲದಾದಾಗ ಕೆಮ್ಮು.

ಕೆಮ್ಮೆಂದೊಡನೆ ದೇವದುರ್ಗದ ಸೀಮೆ ನೆನಪಿಗೆ ಬರುವುದು ಸಹಜ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಅಲ್ಲಿ ಮೆಣಸಿನಕಾಯಿಯ ಬೆಳೆ ಹೆಚ್ಚಿದೆ. ಸುಗ್ಗಿಯಲ್ಲಿ ಕಣದ ತುಂಬ ಕೆಂಪಗೆ ಹರಡಿ ಒಣಗಿಸಿದ ಕಾಯಿಯನ್ನು ತಿರುವಿಹಾಕಿ ಚೀಲಕ್ಕೆ ತುಂಬುವ ಹೆಣ್ಣುಮಕ್ಕಳು ಸೀರೆಯ ಸೆರಗನ್ನು ಮೂಗಿಗೆ ಬಿಗಿದುಕೊಂಡಿದ್ದರೂ ಕೆಮ್ಮದೆ ಇರಲಾರರು. ಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಸತ್ತ್ವವು, ಸುಡುವ ಶಾಖವನ್ನು ಅರಿತುಕೊಳ್ಳುವುದಕ್ಕಾಗಿ ನರಗಳ ತುದಿಯಲ್ಲಿರುವ ಗ್ರಾಹಕವನ್ನೇ ತಟ್ಟಿ ಎಬ್ಬಿಸುತ್ತದೆ. 1997ರಲ್ಲಿ ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕೆಮ್ಮನ್ನು ಅಭ್ಯಾಸಮಾಡುವ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕ್ಯಾಪ್ಸೈಸಿನ್ನಿನ ಮಂಜನ್ನು ಉಸಿರಾಡಿಸಿಯೇ ಕೆಮ್ಮನ್ನು ಬರಿಸುತ್ತಾರೆ. ಸೂಚನೆ ಮೆದುಳನ್ನು ಮುಟ್ಟಿದ ಕ್ಷಣದಲ್ಲಿ ನಾವು ಎರಡೂವರೆ ಲೀಟರಿನಷ್ಟು ಗಾಳಿಯನ್ನು ಎಳೆದುಕೊಂಡು, ಗಂಟಲಿನ ಬಾಗಿಲನ್ನು ಮುಚ್ಚಿ, ಹೊಟ್ಟೆಯ ಸ್ನಾಯುಗಳಿಂದ ಒಳಗಿನ ಒತ್ತಡವನ್ನು ಏರಿಸಿ, ಥಟ್ಟನೆ ಬಾಗಿಲು ತೆರೆಯುತ್ತೇವೆ. ಆಗ ಹೊರನುಗ್ಗುವ ಗಾಳಿಯ ವೇಗ ಗಂಟೆಗೆ 120ರಿಂದ 160 ಕಿಲೋಮೀಟರು! ಕಣದ ಕೆಮ್ಮು ಮನೆಗೆ ಬಂದು ಮುಖ ತೊಳೆದರೆ ನಿಲ್ಲುತ್ತದೆ. ಅದರಿಂದ ಅಂಜಬೇಕಾದುದು ಹೆಚ್ಚಿಲ್ಲ. ಅಂಜಬೇಕಾದುದು ಕೆಮ್ಮನ್ನು ಕೆರಳಿಸದೆ ಆಳಕ್ಕಿಳಿಯುವ ಸಣ್ಣ ಕಣಗಳಿಂದ.

ಅಂತಹ ಕಣಗಳ ಮೊದಲನೆಯ ಮೂಲ ನಮ್ಮ ಒಲೆಯೇ. ಹತ್ತಿಯ ಹೊಲವುಳ್ಳವರ ಮನೆಯಲ್ಲಿ ಬೆಳೆ ಮುಗಿದ ಮೇಲೆ ಹತ್ತಿಕಟ್ಟಿಗೆಯ ಬಣವೆ ಹಿತ್ತಿಲಿಗೆ ಬರುತ್ತದೆ. ಅದರೊಡನೆ ತೊಗರಿಕಟ್ಟಿಗೆ, ಕುಳ್ಳು. ಅನಿಲದ ಸಿಲಿಂಡರು ಬಂದಿರುವ ಮನೆಗಳಲ್ಲಿಯೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯ ಒಲೆಯನ್ನೇ ಹಚ್ಚುವವರು ಕಡಮೆಯಿಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆ ಭಾಗದ ಹಳ್ಳಿಗಳ ಹೆಂಗಸರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡಿಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60ನ್ನು ಮುಟ್ಟಿದ ಮೇಲೆ ಶ್ವಾಸನಾಳದ ದೀರ್ಘಕಾಲಿಕ ಉರಿಯೂತದ ಅಪಾಯವು ಗಣನೀಯವಾಗುತ್ತದೆಂದು ಕಂಡುಬಂದಿತು. ಹದಿನೈದನೆಯ ವಯಸ್ಸಿನಲ್ಲಿ ಒಲೆಯ ಮುಂದೆ ಕುಳಿತ ಹುಡುಗಿಯೊಬ್ಬಳು ದಿನಕ್ಕೆ ಮೂರು ಗಂಟೆಯಂತೆ ಅಡಿಗೆ ಮಾಡಿದರೆ ಮೂವತ್ತೈದಕ್ಕೆಲ್ಲ ಆ ಸಂಖ್ಯೆಯನ್ನು ಮುಟ್ಟುತ್ತಾಳೆ. ಬೀಡಿ ಸೇದದವಳಿಗೆ ದಮ್ಮು ಹೇಗೆ ಬಂದೀತೆಂದು ಕೇಳುವ ಮನೆಯವರಿಗೆ ಈ ಗುಣಾಕಾರವನ್ನು ಹೇಳಬೇಕು.

ಎರಡನೆಯ ಮೂಲ ದುಡಿಮೆಯ ಸ್ಥಳ. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿಯ ಎರೆಭೂಮಿಯನ್ನು ಭತ್ತದ ಗದ್ದೆಯಾಗಿ ಮಾರ್ಪಡಿಸಿದಂದಿನಿಂದ ಅಲ್ಲಿಯೂ ರಾಯಚೂರಿನ ಸುತ್ತಲೂ ರೈಸ್‌ಮಿಲ್ಲುಗಳು ಎದ್ದಿವೆ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಹೊಟ್ಟು. ಆ ಹೊಟ್ಟನ್ನೇ ಬಾಯ್ಲರಿಗೆ ಸುರಿದು ಉರಿಸಿದಾಗ ಉಳಿಯುವ ಬೂದಿಯ ಬಹುಭಾಗ ಸಿಲಿಕ. ಇನ್ನು ಹತ್ತಿ: ರಾಯಚೂರಿನ ಮಾರುಕಟ್ಟೆ ಇಡೀ ಕರ್ನಾಟಕದಲ್ಲಿ ಹೆಸರಾದುದು, ಅದಕ್ಕೆ ತಕ್ಕಂತೆ ಅರಳೆಯಿಂದ ಬೀಜವನ್ನು ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಗಳೂ ಉಂಟು. ನೂಲಿನ ಗಿರಣಿಗಳಲ್ಲಿ ಹತ್ತಿಯ ಧೂಳಿನಿಂದ ಬರುವ ಎದೆಬಿಗಿತವು ವಾರದ ರಜೆ ಮುಗಿಸಿ ಹಿಂದಿರುಗಿದ ಮೊದಲನೆಯ ದಿನದಂದೇ ಅತಿಯಾಗಿ ಕಾಡುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ವಿಚಿತ್ರ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲನೆಯ ಘಟಕದಿಂದ ಪ್ರಾರಂಭವಾಗಿ ಕ್ರಮೇಣ 1,720 ಮೆಗಾವಾಟಿಗೆ ಬೆಳೆದ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಉರಿಸುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೂದಿಯೇ ಇರುತ್ತದೆ. ಹೊಗೆಗೊಳವಿಯಲ್ಲಿ ವಿದ್ಯುತ್ತಿನಿಂದ ಕಣಗಳನ್ನು ಸೆಳೆದುಕೊಳ್ಳುವ ಯಂತ್ರಗಳು ಬಹುಪಾಲನ್ನು ಹಿಡಿಯುತ್ತವೆಂಬುದು ನಿಜ. ಹಿಡಿದ ಬೂದಿಯನ್ನು ಲಾರಿಯಲ್ಲಿ ತುಂಬಿ ಸಾಗಿಸುವಾಗ ಹೊದಿಕೆ ಸರಿಯಿಲ್ಲದಿದ್ದರೆ ಗಾಳಿಯು ತನ್ನ ಪಾಲನ್ನು ಕೇಳದೆ ಬಿಡುವುದಿಲ್ಲವೆಂಬುದೂ ನಿಜ.

ಇಷ್ಟೆಲ್ಲ ಧೂಳು ಹೊಗೆಗಳು ವರ್ಷಾನುವರ್ಷ ಇಳಿಯುತ್ತಿದ್ದರೂ ಮನುಷ್ಯನಿಗೆ ಏಕೆ ಗೊತ್ತಾಗುವುದಿಲ್ಲ? ದೇಹವು ತೀರ ಉದಾರವಾದ ಮೀಸಲನ್ನು ಇರಿಸಿಕೊಂಡಿರುವುದು ಮೊದಲನೆಯ ಕಾರಣ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಏಳೂವರೆ ಲೀಟರು ಆಡಿಸುವ ಎದೆಯು ಓಡುವಾಗ ನೂರು ಲೀಟರನ್ನೂ ಆಡಿಸಬಲ್ಲದು. ರಕ್ತವು ವಾಯುಕೋಶದ ಮಗ್ಗುಲನ್ನು ಹಾಯುವ ಮುಕ್ಕಾಲು ಸೆಕೆಂಡಿನಲ್ಲಿ ಆಮ್ಲಜನಕವನ್ನು ತುಂಬಿಕೊಳ್ಳಲು ಮೂರನೆಯ ಒಂದು ಭಾಗದ ಕಾಲವೇ ಸಾಕು. ಹೀಗಿರುವುದರಿಂದ ನಷ್ಟವು ಬಹಳ ದೂರ ಸಾಗುವವರೆಗೂ ನಿತ್ಯದ ಕೆಲಸಕ್ಕೆ ಅಡ್ಡಿಯಾಗದು. ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ಕೊಳವೆಯೊಂದರ ಅಗಲವು ಅರ್ಧವಾದರೆ ಅದರಲ್ಲಿ ಹರಿಯುವುದಕ್ಕೆ ಒದಗುವ ತಡೆಯು ಹದಿನಾರು ಪಟ್ಟಾಗುತ್ತದೆಂದು ಭೌತವಿಜ್ಞಾನ ಹೇಳುತ್ತದೆ. ಆದುದರಿಂದ ಎರಡು ಮಿಲಿಮೀಟರಿಗೂ ಕಿರಿದಾದ ಕೊಳವೆಗಳಲ್ಲಿಯೇ ತಡೆ ಅತ್ಯಧಿಕವೆಂದು ನಾವು ಊಹಿಸುತ್ತೇವೆ. ಆದರೆ ಅವುಗಳ ಸಂಖ್ಯೆ ಎಷ್ಟು ಅಪಾರವೆಂದರೆ, ಎಲ್ಲವೂ ಸೇರಿ ಒಡ್ಡುವ ತಡೆಯು ಒಟ್ಟಿನಲ್ಲಿ ಐದನೆಯ ಒಂದು ಪಾಲೂ ಆಗದು. ಹೊಗೆಯೂ ಧೂಳೂ ಮೊದಲು ಕೆಡಿಸುವುದು ಈ ಕಿರುಗೊಳವೆಗಳನ್ನೇ. ಅವುಗಳಲ್ಲಿ ಸಾವಿರಾರು ಮುಚ್ಚಿಹೋದರೂ ಲೆಕ್ಕಕ್ಕೆ ಬಾರದೆ, ಎದೆಗೆ ಸ್ಟೆತಸ್ಕೋಪನ್ನು ಇಟ್ಟರೂ ಕೇಳಿಸದೆ, ರೋಗವು ಹೊಂಚುಹಾಕಿ ಬೆಳೆಯುತ್ತದೆ.

ಕೊನೆಗೊಂದು ದಿನ ರೋಗಿಯು ವೈದ್ಯರ ಮುಂದೆ ಕುಳಿತು, “ಉಸುರು ಒಳಗ ಹೋಗವಲ್ದ್ರೀ” ಎನ್ನುತ್ತಾನೆ. ಅವನ ಅನುಭವ ಸುಳ್ಳಲ್ಲ. ಕಾರಣ ಮಾತ್ರ ಅವನು ತಿಳಿದ ಕಡೆ ಇಲ್ಲ. ಉಚ್ಛ್ವಾಸದಲ್ಲಿ ಎದೆ ಹಿಗ್ಗುವುದರೊಡನೆ ಕೊಳವೆಗಳೂ ಎಳೆಯಲ್ಪಟ್ಟು ಅಗಲವಾಗುತ್ತವೆ. ನಿಶ್ವಾಸದಲ್ಲಿ ಅವು ಕಿರಿದಾಗುತ್ತವೆ. ಉರಿಯೂತದಿಂದ ದಪ್ಪವಾದ, ಸುತ್ತಲ ಸ್ಥಿತಿಸ್ಥಾಪಕ ಎಳೆಗಳ ಆಸರೆಯನ್ನು ಕಳೆದುಕೊಂಡ ಕೊಳವೆಯು ಈ ಎರಡನೆಯ ಹಂತದಲ್ಲಿ ಬೇಗ ಮುಚ್ಚಿಕೊಂಡು ಗಾಳಿಯನ್ನು ಒಳಗೇ ಕೂಡಿಹಾಕುತ್ತದೆ. ಆಗ ಹಿಂದೆ ಹೇಳಿದ ಆ ಉಳಿಕೆಯ ಗಾಳಿ ಉಸಿರಿನಿಂದ ಉಸಿರಿಗೆ ಬೆಳೆದು, ಎದೆಯು ಮೊದಲೇ ತುಂಬಿಕೊಂಡಿರುವುದರಿಂದ, ಮುಂದಿನ ಉಸಿರಿಗೆ ಸ್ಥಳವಿಲ್ಲದಂತಾಗುತ್ತದೆ. ಒಳಕ್ಕೆ ಹೋಗದಿರುವುದು ಹೊರಕ್ಕೆ ಬಾರದುದರ ಫಲ.

ಹೊರಕ್ಕೆ ಬರುವ ಗಾಳಿಯನ್ನು ಅಳೆಯುವ ಉಪಾಯವನ್ನು 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯನು ಸ್ಪೈರೋಮೀಟರ್ ಎಂಬ ತನ್ನ ಯಂತ್ರದೊಡನೆ ಪ್ರಕಟಿಸಿದನು. ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಅದರೊಳಗೆ ಊದಿಸಿ, ಎತ್ತರಕ್ಕೂ ಶ್ವಾಸದ ಪ್ರಮಾಣಕ್ಕೂ ಇರುವ ಸಂಬಂಧವನ್ನು ಅವನು ಕಂಡುಕೊಂಡನು. ನೂರು ವರ್ಷಗಳ ಅನಂತರ, 1947ರಲ್ಲಿ, ಫ್ರಾನ್ಸಿನ ಟಿಫ್ನೋ ಎಂಬವರು ಒಟ್ಟು ಪ್ರಮಾಣಕ್ಕಿಂತಲೂ ಕಾಲವು ಹೆಚ್ಚಿನ ಸಂಗತಿಯನ್ನು ಹೇಳುತ್ತದೆಂದು ತೋರಿಸಿದರು. ಎದೆತುಂಬ ಎಳೆದುಕೊಂಡು ಬಲವಾಗಿ ಊದಿದಾಗ ಒಟ್ಟು ಗಾಳಿಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಭಾಗ ಮೊದಲನೆಯ ಸೆಕೆಂಡಿನಲ್ಲಿಯೇ ಹೊರಬರಬೇಕು. ಕೊಳವೆ ಹಿಗ್ಗಿಸುವ ಔಷಧವನ್ನು ಎಳೆದುಕೊಂಡ ಮೇಲೆಯೂ ಎಪ್ಪತ್ತಕ್ಕಿಂತ ಕಡಮೆ ಬಂದರೆ ದೀರ್ಘಕಾಲಿಕವಾದ ತಡೆಯುಂಟೆಂದು ತಿಳಿಯುತ್ತದೆ. ಇದೇ ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯಂತಹ ಕಡೆ ಬೆಣಚುಕಲ್ಲಿನ ಧೂಳಿನಿಂದ ಬರಬಹುದಾದ ಸಿಲಿಕೋಸಿಸ್ ರೋಗದಲ್ಲಿ ಶ್ವಾಸಕೋಶವು ಕಲೆಗಟ್ಟಿ ಬಿರುಸಾಗುವುದರಿಂದ ಒಟ್ಟು ಪ್ರಮಾಣವೇ ಕುಗ್ಗುತ್ತದೆ, ಮೊದಲ ಸೆಕೆಂಡಿನ ಪಾಲು ಅಷ್ಟಾಗಿ ಕೆಡದೆ ಉಳಿಯಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವುದು ಈ ಯಂತ್ರದ ವೈಶಿಷ್ಟ್ಯ. ಅದರಲ್ಲಿ ಊದುವುದಕ್ಕೆ ಕೆಲವು ನಿಮಿಷಗಳು ಸಾಕು, ನೋವಿಲ್ಲ, ಸೂಜಿಯಿಲ್ಲ. ರಕ್ತದೊತ್ತಡವನ್ನು ಅಳೆಯುವ ಪಟ್ಟಿ ಹಳ್ಳಿ ಹಳ್ಳಿಯನ್ನು ಮುಟ್ಟಿರುವಾಗ, ಎರಡು ಹೊತ್ತು ಒಲೆಯ ಮುಂದೆ ಕೂರುವವರನ್ನೂ ಮಿಲ್ಲಿನಲ್ಲಿ ಹೊಟ್ಟು ತೂರುವವರನ್ನೂ ಇದರಲ್ಲಿ ವರ್ಷಕ್ಕೊಮ್ಮೆಯಾದರೂ ಊದಿಸುವ ರೂಢಿ ಏಕೆ ಬೆಳೆಯಬಾರದೆಂಬುದು ನನಗೆ ಅರ್ಥವಾಗದ ಸಂಗತಿ.

ಊರಿನ ಕಟ್ಟೆಯ ಮೇಲೆ ಎರಡು ಕೈಗಳನ್ನೂ ಮೊಳಕಾಲಿಗೆ ಊರಿಕೊಂಡು, ಮುಂದಕ್ಕೆ ಬಾಗಿ, ತುಟಿಗಳನ್ನು ಕೂಡಿಸಿ ಮೆಲ್ಲಗೆ ಊದುತ್ತ ಕುಳಿತಿರುವ ವೃದ್ಧರನ್ನು ಎಲ್ಲರೂ ನೋಡಿರುತ್ತಾರೆ. ಅದು ಮುಪ್ಪಿನ ಆಯಾಸವೆಂದು ತಿಳಿದು ಮುಂದೆ ಹೋಗುತ್ತಾರೆ. ಗಾಳಿ ತುಂಬಿ ಉಬ್ಬಿದ ಎದೆಯಲ್ಲಿ ವಪೆಯು ಕಮಾನಿನಾಕಾರವನ್ನು ಕಳೆದುಕೊಂಡು ಚಪ್ಪಟೆಯಾಗಿ ಎಳೆಯುವ ಶಕ್ತಿಯಲ್ಲಿ ಕುಂದಿರುತ್ತದೆ. ತೋಳುಗಳು ಹೀಗೆ ಊರಿ ನಿಂತರೆ ಹೆಗಲು ಸ್ಥಿರವಾಗಿ, ಕತ್ತಿನ ಮತ್ತು ಎದೆಯ ಮೇಲ್ಭಾಗದ ಸ್ನಾಯುಗಳು ಪಕ್ಕೆಲುಬುಗಳನ್ನು ಎತ್ತುವುದಕ್ಕೆ ಒದಗುತ್ತವೆ. ಕೂಡಿಸಿದ ತುಟಿಗಳ ಎಡೆಯಿಂದ ಊದಿದಾಗ ಬಾಯಿಯಲ್ಲಿ ಉಂಟಾಗುವ ಹಿಮ್ಮುಖದ ಒತ್ತಡವು ಕೊಳವೆಗಳುದ್ದಕ್ಕೂ ಹಬ್ಬಿ, ಮುಚ್ಚಿಕೊಳ್ಳಲಿದ್ದವನ್ನು ಇನ್ನಷ್ಟು ಹೊತ್ತು ತೆರೆದಿಡುವುದರಿಂದ, ಕೂಡಿಬಿದ್ದಿದ್ದ ಗಾಳಿ ಹೊರಕ್ಕೆ ಬರಲು ಅವಕಾಶ ಪಡೆಯುತ್ತದೆ. ಆಸ್ಪತ್ರೆಗಳಲ್ಲಿ ಭೌತಚಿಕಿತ್ಸಕರು ದಮ್ಮಿನ ರೋಗಿಗಳಿಗೆ ಕ್ರಮವಾಗಿ ಕಲಿಸುವುದೂ ಇದನ್ನೇ: ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಒಳಕ್ಕೆ, ಕೂಡಿಸಿದ ತುಟಿಯಿಂದ ನಾಲ್ಕು ಎಣಿಸುವಷ್ಟು ಹೊತ್ತು ಹೊರಕ್ಕೆ.